ಸಾವಿರ ಅಡಿ ಇಲ್ಲಿ, ಹತ್ತು ಸೆಂಟಿಮೀಟರ್ ಅಲ್ಲಿ

ಬೆಂಗಳೂರಿನಿಂದ ಹಳೆ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೊರಟವರಿಗೆ ಟಿನ್ ಫ್ಯಾಕ್ಟರಿ ನಿಲ್ದಾಣ ದಾಟುವುದೇ ಒಂದು ಸಾಹಸ. ತಲೆಯ ಮೇಲೆ ಮೆಟ್ರೊ, ಮುಂದೆ ರೈಲು ಹಳಿಗಳ ಮೇಲೆ ಹಗ್ಗ ಬಿಗಿದು ನಿಲ್ಲಿಸಿದಂತಿರುವ ಕೃಷ್ಣರಾಜಪುರದ ತೂಗುಸೇತುವೆ, ಸುತ್ತ ಬಸ್ಸು, ಲಾರಿ, ಆಟೋಗಳ ಜಾತ್ರೆ. ಇಲ್ಲಿ ಎಡಕ್ಕೆ ಹೊರಳಿ ಹೊರವರ್ತುಲ ರಸ್ತೆ ಸೇರಿದರೆ ಸಿಗುವುದೇ ರಾಮಮೂರ್ತಿ ನಗರ.

ನೋಡಲೇಬೇಕಾದ ಗುಡಿ ಗೋಪುರಗಳಾಗಲಿ, ಉದ್ಯಾನಗಳಾಗಲಿ ಇರುವ ಊರು ಇದಲ್ಲ. 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆಯ ದೂರವಾಣಿನಗರ ಒಂದು ಮಗ್ಗುಲಿಗೆ. ಕೌದೇನಹಳ್ಳಿ, ವಿಜಿನಾಪುರ, ಹೊರಮಾವು, ಕಲ್ಕೆರೆ ಎಂಬ ಹಳೆಯ ಹಳ್ಳಿಗಳು ಸುತ್ತಲೂ. ಹೊಲ ತೋಟಗಳಿದ್ದ ಕಡೆ ನಿವೇಶನಗಳಾದವು, ನಿವೇಶನಗಳ ಮೇಲೆ ಮನೆಗಳೆದ್ದವು, ಮನೆಗಳ ಮೇಲೆ ಇನ್ನೆರಡು ಅಂತಸ್ತುಗಳೆದ್ದವು. 2007ರವರೆಗೆ ಈ ಭಾಗ ಕೃಷ್ಣರಾಜಪುರ ನಗರಸಭೆಗೆ ಸೇರಿತ್ತು. ಆ ವರ್ಷ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರ್ಪಡೆಯಾಯಿತು. ಮನೆ ಮೊದಲು ಬಂತು, ಕಾವೇರಿ ನೀರು ಆಮೇಲೆ. ನಡುವಿನ ವರ್ಷಗಳನ್ನು ದಾಟಿಸಿದ್ದು ಬೋರು.

ಈ ಊರಿನ ಪರಿಚಯವಾಗಬೇಕಾದರೆ ಮೇಲೆ ನೋಡಿದರೆ ಸಾಲದು, ಕೆಳಗೆ ನೋಡಬೇಕು. ಪ್ರತಿ ಬೀದಿಯಲ್ಲೂ ಸಂಪಿನ ಮುಚ್ಚಳದ ಪಕ್ಕದಲ್ಲಿ, ಗೇಟಿನ ಮೂಲೆಯಲ್ಲಿ, ತುಳಸಿಕಟ್ಟೆಯ ಹಿಂದೆ ಒಂದು ಕಬ್ಬಿಣದ ಕೊಳವೆ ತಲೆ ಎತ್ತಿರುತ್ತದೆ. ಕೆಲವು ಕೊಳವೆಗಳಲ್ಲಿ ಮೋಟಾರಿದೆ. ಕೆಲವಕ್ಕೆ ಕಲ್ಲು ಮುಚ್ಚಿದೆ. ಕಲ್ಲು ಮುಚ್ಚಿದವುಗಳ ಕಥೆ ಕೇಳಿದರೆ ಒಂದೊಂದು ಮನೆಯೂ ಒಂದೊಂದು ಲೆಕ್ಕ ಹೇಳುತ್ತದೆ.

ಬೋರು ಲಾರಿ ಬಂತು

ಬೋರು ಹಾಕಿಸುವುದೆಂದರೆ ಮನೆಯ ದೊಡ್ಡ ಕಾರ್ಯಗಳಲ್ಲೊಂದು. ಮೊದಲು ‘ಪಾಯಿಂಟ್’ ನೋಡುವವರು ಬರುತ್ತಾರೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತಲ್ಲಿ ಗಂಗೆ. ಇನ್ನೊಬ್ಬರ ಕೈಯಲ್ಲಿ ಬೇವಿನ ಕವೆಗೋಲು. ಮತ್ತೊಬ್ಬರು ನೆಲಕ್ಕೆ ಕಬ್ಬಿಣದ ಸರಳು ಚುಚ್ಚಿ, ವಿದ್ಯುತ್ ಹರಿಸಿ, ಮೀಟರಿನಲ್ಲಿ ಅಂಕಿ ಓದುತ್ತಾರೆ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಮನೆ, ಸಂಪು, ಶೌಚದ ಗುಂಡಿ ಎಲ್ಲ ಬಿಟ್ಟು ಉಳಿಯುವ ಜಾಗವೇ ನಾಲ್ಕು ಹೆಜ್ಜೆ. ಯಾರು ನೋಡಿದರೂ ಪಾಯಿಂಟ್ ಅಲ್ಲೇ ಬರಬೇಕು!

ಆಮೇಲೆ ಎರಡು ಲಾರಿ ಬರುತ್ತವೆ. ಒಂದರ ಮೇಲೆ ಕೊರೆಯುವ ಯಂತ್ರ, ಇನ್ನೊಂದರಲ್ಲಿ ಕಂಪ್ರೆಸರ್ ಮತ್ತು ರಾಡುಗಳು. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣಿಟ್ಟು, ಕಾಯಿ ಒಡೆದ ಮೇಲೆ ಯಂತ್ರ ಶುರುವಾಗುತ್ತದೆ. ಮೊದಲು ಮಣ್ಣು, ಜೇಡಿ, ಕೊಳೆತ ಕಲ್ಲು. ಅದು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿಂದ ಮುಂದೆ ಕೆಲಸ ಹ್ಯಾಮರಿನದು. ರಾಡಿನ ತುದಿಯಲ್ಲಿರುವ ಈ ಸುತ್ತಿಗೆ ಕಂಪ್ರೆಸರ್ ಕಳಿಸುವ ಗಾಳಿಯ ಒತ್ತಡದಿಂದ ಬಂಡೆಯನ್ನು ಎಡೆಬಿಡದೆ ಗುದ್ದುತ್ತದೆ. ಅದರ ಮೂತಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳಿರುತ್ತವೆ. ಅದೇ ಗಾಳಿ ಪುಡಿಯಾದ ಕಲ್ಲನ್ನು ಹೊರಕ್ಕೆ ಊದುತ್ತದೆ. ಇಪ್ಪತ್ತಡಿ ಮುಗಿದರೆ ಇನ್ನೊಂದು ರಾಡು, ಮತ್ತೊಂದು ರಾಡು. ಸಾವಿರ ಅಡಿಗೆ ಐವತ್ತು ರಾಡು.

ಬೂದಿಬಣ್ಣದ ಕಲ್ಲುಹುಡಿ ಬೀದಿ ತುಂಬಾ ಹಾರಿ, ಎದುರು ಮನೆಯ ಬಟ್ಟೆ ಬರೆ, ನಿಲ್ಲಿಸಿದ ಸ್ಕೂಟರು, ಗಿಡದ ಎಲೆ ಎಲ್ಲ ಒಂದೇ ಬಣ್ಣವಾಗುತ್ತದೆ. ಮನೆಯವರ ಕಣ್ಣೆಲ್ಲ ಆ ಹುಡಿಯ ಮೇಲೆ. ಹುಡಿ ಒದ್ದೆಯಾಗಿ ಕೆಸರಾದರೆ ‘ಗ್ಯಾಪು ಸಿಕ್ಕಿತು’ ಎಂದು ಅರ್ಥ. ಬಂಡೆಯ ಬಿರುಕಿನಲ್ಲಿ ನೀರಿದೆ. ಒಂದಿಂಚೋ, ಎರಡಿಂಚೋ ಎಂಬುದು ಆಮೇಲಿನ ಮಾತು. ಹುಡಿ ಕೊನೆಯವರೆಗೂ ಹುಡಿಯಾಗಿಯೇ ಉಳಿದರೆ, ಅಡಿಗೆ ಇಷ್ಟೆಂದು ಮಾತಾಡಿದ ಹಣವನ್ನು ಎಣಿಸಿ ಕೊಟ್ಟು ಕಲ್ಲು ಮುಚ್ಚುವುದಷ್ಟೇ.

ಕೆಳಗಿರುವುದು ಸಾಮಾನ್ಯ ಬಂಡೆಯಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಅವರು ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟ, ಸುಮಾರು 300 ಕೋಟಿ ವರ್ಷದ ಶಿಲೆ ಅದು. ಅದರ ನೆತ್ತಿಯನ್ನು ನೋಡಬೇಕೆನ್ನುವವರು ಲಾಲ್‌ಬಾಗಿನ ಬಂಡೆಯ ಮೇಲೆ ಹೋಗಿ ಕೂರಬಹುದು. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಈ ಕಲ್ಲಿಗೆ ನೀರು ಹೀರುವ ಗುಣವಿಲ್ಲ. ನೀರಿದ್ದರೆ ಬಿರುಕಿನಲ್ಲಿ ಮಾತ್ರ. ಆಳಕ್ಕೆ ಹೋದಂತೆಲ್ಲ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಆಳ ಹೆಚ್ಚಿದಷ್ಟೂ ನೀರು ಹೆಚ್ಚು ಎಂಬ ನಂಬಿಕೆಗೆ ಬುಡವಿಲ್ಲ. ಆದರೂ ಪೂರ್ವ ಬೆಂಗಳೂರಿನಲ್ಲಿ ಸಾವಿರ ಅಡಿ ದಾಟಿದ ಬೋರುಗಳು ಅಪರೂಪವೇನಲ್ಲ.

ನಾಮಕ್ಕಲ್‌ನಿಂದ ಎರಡು ಸರಕು

ಬೋರು ಲಾರಿಗಳ ಹಣೆ ಓದಿದರೆ ಬಹಳಷ್ಟರಲ್ಲಿ ತಿರುಚೆಂಗೋಡಿನ ಹೆಸರು ಕಾಣುತ್ತದೆ. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಈ ಪಟ್ಟಣ ಇಡೀ ದೇಶಕ್ಕೆ ಬೋರು ಲಾರಿ ಕಳಿಸುವ ತವರು. ಕರ್ನಾಟಕದ ಮೂಲೆಮೂಲೆಗೂ ಇವರ ಯಂತ್ರಗಳು ಬಂದಿವೆ.

ಅದೇ ಜಿಲ್ಲೆಯಿಂದ ಬೆಂಗಳೂರಿನ ಪೂರ್ವ ಭಾಗಕ್ಕೆ ಇನ್ನೊಂದು ಸರಕೂ ಬಂದಿದೆ. ಅದು ಕಲ್ಲು. ಸಿತ್ತಂಪುಂಡಿ ಮತ್ತು ಕುನ್ನಮಲೈ ಎಂಬ ಹಳ್ಳಿಗಳ ಬಳಿ ಸಿಗುವ ‘ಅನಾರ್ಥೊಸೈಟ್’ ಎಂಬ ಬಿಳಿಚು ಶಿಲೆ. ಹುಣ್ಣಿಮೆಯ ರಾತ್ರಿ ಚಂದ್ರನ ಮುಖದಲ್ಲಿ ಬೆಳ್ಳಗೆ ಹೊಳೆಯುವ ಭಾಗವಿದೆಯಲ್ಲ, ಆ ಎತ್ತರದ ನೆಲ ಬಹುಪಾಲು ಇದೇ ಜಾತಿಯ ಕಲ್ಲಿನದು. ಚಂದ್ರನ ಮೇಲೆ ಇಳಿಯುವ ನೌಕೆಯನ್ನೂ ಅಲ್ಲಿ ಓಡಾಡುವ ಗಾಡಿಯನ್ನೂ ಪರೀಕ್ಷಿಸಲು ಇಸ್ರೊಗೆ ಚಂದ್ರನ ಮಣ್ಣು ಬೇಕಿತ್ತು. ಅಮೆರಿಕದಿಂದ ಕೃತಕ ಚಂದ್ರಮಣ್ಣು ತರಿಸುವುದು ದುಬಾರಿಯ ಬಾಬತ್ತು. ಕೊನೆಗೆ ಸೇಲಂ ಸೀಮೆಯ ಈ ಕಲ್ಲನ್ನು ಕುಟ್ಟಿ, ಜರಡಿ ಹಿಡಿದು, ಚಂದ್ರನ ಮಣ್ಣಿನ ಕಣಗಳ ಗಾತ್ರಕ್ಕೆ ಹೊಂದಿಸಿ ಟನ್ನುಗಟ್ಟಲೆ ಬೆಂಗಳೂರಿಗೆ ತಂದರು. ಅದನ್ನು ತಯಾರಿಸುವ ವಿಧಾನಕ್ಕೆ 2020ರಲ್ಲಿ ಇಸ್ರೊಗೆ ಪೇಟೆಂಟ್ ದೊರೆಯಿತು.

ರಾಮಮೂರ್ತಿ ನಗರದಿಂದ ಅದೇ ಹೊರವರ್ತುಲ ರಸ್ತೆಯಲ್ಲಿ ದಕ್ಷಿಣಕ್ಕೆ ಹತ್ತು ಕಿಲೋಮೀಟರಿನೊಳಗೆ ಮಾರತಹಳ್ಳಿ. ಅಲ್ಲಿನ ಇಸ್ರೊ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಈ ಮಣ್ಣು ಹರಡಿ ಚಂದ್ರನ ಅಂಗಳವನ್ನು ನಿರ್ಮಿಸಲಾಯಿತು. ಚಂದ್ರನಲ್ಲಿ ತೂಕ ಇಲ್ಲಿನ ಆರನೆಯ ಒಂದು ಭಾಗ ಮಾತ್ರ. ಆದ್ದರಿಂದ ಗಾಡಿಯನ್ನು ಹೀಲಿಯಂ ಬಲೂನಿಗೆ ಕಟ್ಟಿ, ಭಾರ ತಗ್ಗಿಸಿ ಓಡಿಸಿ ನೋಡಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದು. ಅಲ್ಲಿನ ಉಳ್ಳಾರ್ತಿ ಕಾವಲಿನ ಬಯಲಿನಲ್ಲಿ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಿ, ಅವುಗಳ ಮೇಲೆ ಇಳಿಯುವ ನೌಕೆಯ ಸಂವೇದಕಗಳನ್ನು ಹಾರಿಸಿ ಪರೀಕ್ಷಿಸಿದರು. ನಮ್ಮ ಬಯಲುಸೀಮೆಗೂ ಚಂದ್ರಲೋಕಕ್ಕೂ ಹೀಗೊಂದು ನಂಟು.

ಈ ಸಿದ್ಧತೆಯ ಫಲ 2023ರ ಆಗಸ್ಟ್ 23ರಂದು ಕಾಣಿಸಿತು. ಚಂದ್ರಯಾನ–3ರ ವಿಕ್ರಮ್ ಚಂದ್ರನ ದಕ್ಷಿಣ ಭಾಗದಲ್ಲಿ ಇಳಿಯಿತು. ಅದರ ಹೊಟ್ಟೆಯಲ್ಲಿ ‘ಚೇಸ್ಟ್’ ಎಂಬ ಉಪಕರಣವಿತ್ತು. ಹತ್ತು ಉಷ್ಣಮಾಪಕಗಳನ್ನು ಪೋಣಿಸಿದ ಒಂದು ಶೂಲ. ಮೋಟಾರಿನಿಂದ ನಿಧಾನವಾಗಿ ನೆಲಕ್ಕೆ ಇಳಿಯುವಂಥದ್ದು. ಹತ್ತು ಸೆಂಟಿಮೀಟರ್, ಅಂದರೆ ಒಂದು ಗೇಣಿನ ಅರ್ಧ, ಅದಕ್ಕೆ ಗೊತ್ತುಪಡಿಸಿದ ಆಳ. ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಕಾವು. ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿ ಕಡಿಮೆ! ಅಂಗೈಯಗಲದ ಮಣ್ಣು ಉರಿಬಿಸಿಲನ್ನೂ ಮಂಜಿನ ಚಳಿಯನ್ನೂ ಬೇರ್ಪಡಿಸಿತ್ತು. ಚಂದ್ರನ ಮಣ್ಣು ಎಂಥ ಒಳ್ಳೆಯ ಕಂಬಳಿ ಎಂಬುದು ಆ ಪ್ರದೇಶದಲ್ಲಿ ನೆಲದೊಳಗೇ ಅಳೆದು ತಿಳಿದದ್ದು ಅದೇ ಮೊದಲು.

ಮರುಭೂಮಿಯ ಪಾಠಶಾಲೆ

ಇಲ್ಲಿ ಸಾವಿರ ಅಡಿ ಒಂದೆರಡು ದಿನದ ಕೆಲಸ; ಅಲ್ಲಿ ಹತ್ತು ಸೆಂಟಿಮೀಟರಿಗೆ ವರ್ಷಗಟ್ಟಲೆ ತಯಾರಿ. ಯಾಕೆ? ಬೋರು ಲಾರಿಗೆ ಇರುವ ಮೂರು ಅನುಕೂಲಗಳು ಅಲ್ಲಿ ಇಲ್ಲ. ಒಂದು, ಭಾರ. ಟನ್ನುಗಟ್ಟಲೆ ತೂಗುವ ಲಾರಿ ತನ್ನ ತೂಕದಿಂದಲೇ ಯಂತ್ರವನ್ನು ಹಿಡಿದಿಡುತ್ತದೆ. ಹಗುರವಾದ ನೌಕೆ ನೆಲವನ್ನು ಒತ್ತಿದರೆ ತಾನೇ ಮೇಲೇಳುವ ಅಪಾಯ. ಎರಡು, ಶಕ್ತಿ. ಇಲ್ಲಿ ಡೀಸೆಲ್ ಎಂಜಿನ್ನು, ಅಲ್ಲಿ ಬಿಸಿಲಿನಿಂದಲೋ ಬ್ಯಾಟರಿಯಿಂದಲೋ ಬರುವ ಅಷ್ಟಿಷ್ಟು ವಿದ್ಯುತ್ತು. ಮೂರು, ಗಾಳಿ ಮತ್ತು ನೀರು. ಇಲ್ಲಿ ಪುಡಿಯನ್ನು ಗಾಳಿ ಊದುತ್ತದೆ; ಎಣ್ಣೆಬಾವಿಗಳಲ್ಲಿ ಕೆಸರುನೀರು ಹರಿಸಿ ಬೈರಿಗೆಯನ್ನು ತಣ್ಣಗಿಡುತ್ತಾರೆ. ಚಂದ್ರನಲ್ಲಿ ಗಾಳಿಯೇ ಇಲ್ಲ. ಮಂಗಳನಲ್ಲಿ ಗಾಳಿಯ ಒತ್ತಡ ಇಲ್ಲಿಯದರ ನೂರನೆಯ ಒಂದು ಭಾಗಕ್ಕಿಂತ ಕಡಿಮೆ. ನೀರು ಸುರಿದರೆ ಕುದಿದೋ ಹೆಪ್ಪುಗಟ್ಟಿಯೋ ಹೋಗುತ್ತದೆ. ಜೊತೆಗೆ, ಹುಡುಕಲು ಬಂದ ಕುರುಹನ್ನೇ ತೊಳೆದುಹಾಕುತ್ತದೆ.

ಹಾಗಾಗಿ ಅಲ್ಲಿ ಒಣಗಿದಂತೆಯೇ ಕೊರೆಯಬೇಕು. ಬಡಗಿಯ ಬೈರಿಗೆಯ ಮೈಮೇಲೆ ಸುರುಳಿ ಗೆರೆ ಇರುವುದನ್ನು ಎಲ್ಲರೂ ನೋಡಿದ್ದಾರೆ. ಮರದ ಹೊಟ್ಟು ಆ ಸುರುಳಿಯನ್ನು ಹತ್ತಿ ಹೊರಬರುತ್ತದೆ. ಅನ್ಯಗ್ರಹದ ಬೈರಿಗೆಯೂ ಬಹುತೇಕ ಇದೇ ತತ್ವದ್ದು. ಪುಡಿ ಸುರುಳಿಯಲ್ಲಿ ಸಿಕ್ಕಿಕೊಂಡರೆ ಕಾವು ಹೆಚ್ಚುತ್ತದೆ. ಮಣ್ಣಿನಲ್ಲಿ ಮಂಜುಗಡ್ಡೆ ಇದ್ದರೆ ಆ ಕಾವಿಗೆ ಕರಗಿ, ಯಂತ್ರ ನಿಂತೊಡನೆ ಮತ್ತೆ ಹೆಪ್ಪುಗಟ್ಟಿ ಬೈರಿಗೆಯನ್ನು ಕಚ್ಚಿ ಹಿಡಿಯುತ್ತದೆ. ಬಿಡಿಸಲು ಮೇಸ್ತ್ರಿ ಅಲ್ಲಿಲ್ಲ.

ಇದನ್ನೆಲ್ಲ ಕಲಿಯಲು ಭೂಮಿಯ ಮೇಲೆಯೇ ಅತ್ಯಂತ ಒಣಗಿದ ತಾಣಗಳನ್ನು ಹುಡುಕಿಕೊಂಡು ಹೋಗುತ್ತಾರೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಅಟಕಾಮಾ ಮರುಭೂಮಿ ಅವುಗಳಲ್ಲಿ ಹೆಸರಾಂತದ್ದು. ಮಳೆಯೆಂಬುದು ಅಲ್ಲಿ ವರ್ಷಗಳಿಗೊಮ್ಮೆ ಬರುವ ನೆಂಟ. ಮಣ್ಣಿನ ತುಂಬ ಉಪ್ಪು, ಜೀವದ ಸುಳಿವು ಬಲು ಕಡಿಮೆ. 2013ರಲ್ಲಿ ‘ಜೋಯಿ’ ಎಂಬ ಗಾಡಿ ಒಂದು ಮೀಟರ್ ಬೈರಿಗೆ ಹೊತ್ತು ಅಲ್ಲಿ ಸಂಚರಿಸಿತು. 2016ರಿಂದ 2019ರವರೆಗೆ ನಾಸಾ ತಂಡ ಎರಡು ಮೀಟರ್ ಆಳಕ್ಕೆ ಇಳಿಯಬಲ್ಲ ಬೈರಿಗೆಯನ್ನು ಗಾಡಿಯ ಮೇಲೆ ಹೊರಿಸಿ ಪ್ರಯೋಗ ನಡೆಸಿತು. ಗಾಡಿಯೊಂದು ಅಲ್ಲಿ 80 ಸೆಂಟಿಮೀಟರ್‌ವರೆಗೆ ಕೊರೆದು ತೆಗೆದ ಮಣ್ಣಿನಲ್ಲಿ ಉಪ್ಪಿಗೆ ಒಗ್ಗಿಕೊಂಡ ಅಪರೂಪದ ಸೂಕ್ಷ್ಮಜೀವಿಗಳು ಸಿಕ್ಕಿದವೆಂದು 2019ರಲ್ಲಿ ವರದಿಯಾಯಿತು. ಸತ್ತಂತೆ ಕಾಣುವ ನೆಲದ ಕೆಳಗೆ ಜೀವ ಅಡಗಿರಬಹುದಾದರೆ, ಮಂಗಳನಲ್ಲಿ ಹುಡುಕಬೇಕಾದದ್ದೂ ಮೇಲೆ ಅಲ್ಲ, ಕೆಳಗೆ.

ಮಂಜಿನ ಮರುಭೂಮಿಯೂ ಉಂಟು. ಅಂಟಾರ್ಕ್ಟಿಕದ ಒಣ ಕಣಿವೆಗಳಲ್ಲಿ ಪರೀಕ್ಷಿಸಿದ ಬೈರಿಗೆಯೊಂದು ಹೆಪ್ಪುಗಟ್ಟಿದ ನೆಲದಲ್ಲಿ ಒಂದು ಗಂಟೆಗೆ ಒಂದು ಮೀಟರ್ ಇಳಿಯಿತು. ಬಳಸಿದ ವಿದ್ಯುತ್ತು ಸುಮಾರು 100 ವಾಟ್, ಹಳೆಯ ಕಾಲದ ಒಂದು ಗುಂಡು ಬಲ್ಬಿನಷ್ಟು. ಒತ್ತಿದ ಭಾರ ಹತ್ತು ಕಿಲೋ ಅಕ್ಕಿ ಚೀಲದಷ್ಟು. ಬೋರು ಲಾರಿಯ ಕಂಪ್ರೆಸರ್ ಸದ್ದು ಕೇಳಿದವರಿಗೆ ಇದು ಸೋಜಿಗವೇ ಸರಿ.

ಸೋತ ಬೋರುಗಳ ಲೆಕ್ಕ

ಇಷ್ಟು ಕಲಿತರೂ ಸೋಲು ತಪ್ಪಿದ್ದಲ್ಲ. 1971ರಲ್ಲಿ ಅಪೋಲೊ–15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಒಳಗಿನ ಕಾವು ಅಳೆಯಲು ರಂಧ್ರ ಕೊರೆಯತೊಡಗಿದರು. ಉದ್ದೇಶಿಸಿದ ಆಳ ಮುಟ್ಟುವ ಮೊದಲೇ ಬೈರಿಗೆ ಕಚ್ಚಿಕೊಂಡಿತು. ರಾಡುಗಳು ಕೂಡುವ ಕಡೆ ಸುರುಳಿ ಸರಿಯಾಗಿಲ್ಲದೆ ಪುಡಿ ಅಲ್ಲಿ ಗಟ್ಟಿಯಾಗಿ ತುಂಬಿಕೊಂಡಿತ್ತು. ಮಣ್ಣಿನ ಮಾದರಿಯ ಕೊಳವೆಯನ್ನು ಹೊರತೆಗೆಯಲು ಇಬ್ಬರೂ ಹೆಗಲು ಕೊಟ್ಟು ಎಳೆಯಬೇಕಾಯಿತು. ಮುಂದಿನ ಯಾತ್ರೆಗೆ ರಾಡನ್ನು ತಿದ್ದಿದರು. ಅಪೋಲೊ–16ರಲ್ಲಿ ರಂಧ್ರ ಸಲೀಸಾಗಿ ಬಂತು. ಆದರೆ ಉಪಕರಣದ ತಂತಿ ಗಗನಯಾತ್ರಿಯ ಕಾಲಿಗೆ ಸಿಕ್ಕಿ ಕಿತ್ತುಹೋಯಿತು! 1972ರ ಅಪೋಲೊ–17ರಲ್ಲಿ ಎಲ್ಲ ಕೈಗೂಡಿತು.

ಮಂಗಳನಲ್ಲಿ ಇದಕ್ಕಿಂತ ದೊಡ್ಡ ಸೋಲು. 2018ರ ನವೆಂಬರಿನಲ್ಲಿ ಇಳಿದ ಇನ್‌ಸೈಟ್ ನೌಕೆ ಜರ್ಮನರು ಮಾಡಿದ ಒಂದು ‘ಹೆಗ್ಗಣ’ವನ್ನು ಒಯ್ದಿತ್ತು. ತನ್ನೊಳಗಿನ ಸುತ್ತಿಗೆಯಿಂದ ತಾನೇ ಗುದ್ದಿಕೊಂಡು ಐದು ಮೀಟರ್ ಇಳಿಯಬೇಕಾದ, 40 ಸೆಂಟಿಮೀಟರ್ ಉದ್ದದ ಗೂಟ ಅದು. ಭೂಮಿಯ ಮೇಲೆ ಮರಳಿನಲ್ಲಿ ಸರಿಯಾಗಿಯೇ ಇಳಿದಿತ್ತು. ಮಂಗಳನ ಆ ಜಾಗದ ಮಣ್ಣು ಬೇರೆ ಸ್ವಭಾವದ್ದು. ಗಂಟುಗಟ್ಟುವ ಆ ಮಣ್ಣು ಗೂಟದ ಮೈಗೆ ಒತ್ತಿಕೊಳ್ಳಲಿಲ್ಲ. ಹಿಡಿತವಿಲ್ಲದೆ ಗೂಟ ಗುದ್ದಿದಷ್ಟೂ ನಿಂತಲ್ಲೇ ಕುಣಿಯಿತು. ಎರಡು ವರ್ಷ ಹೆಣಗಿ, ಗೂಟದ ತಲೆ ಮಣ್ಣಿನಿಂದ ಎರಡು ಮೂರು ಸೆಂಟಿಮೀಟರ್ ಕೆಳಗಿಳಿದ ಮೇಲೆ 2021ರ ಜನವರಿಯಲ್ಲಿ ಕೈಬಿಟ್ಟರು.

ಬೋರು ಫೇಲಾದ ಯಾವ ಮನೆಯವರಿಗೂ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಎರಡು ಸೋಲುಗಳ ನಡುವೆ ಒಂದು ಅಂತರವಿದೆ. ಆ ಗೂಟ ಯಾವ ಆಳದಲ್ಲಿ ಹೇಗೆ ವರ್ತಿಸಿತು ಎಂಬುದನ್ನೆಲ್ಲ ಬರೆದಿಡಲಾಗಿದೆ. ಮುಂದೆ ಅಲ್ಲಿ ಕೊರೆಯಲು ಹೋಗುವವರು ಅದನ್ನು ಓದಿ ಹೋಗುತ್ತಾರೆ. ಅಪೋಲೊ–17ರವರು ತಂದು ಮುಚ್ಚಿಟ್ಟಿದ್ದ ಮಣ್ಣಿನ ಕೊಳವೆಯೊಂದನ್ನು ಐವತ್ತು ವರ್ಷ ಕಾದು, ಉತ್ತಮ ಉಪಕರಣಗಳು ಬಂದ ಮೇಲೆ 2022ರಲ್ಲಿ ತೆರೆದರು. ಒಂದು ಹಿಡಿ ಹುಡಿಯೂ ಅವರಿಗೆ ಕಾಗದಪತ್ರವಿದ್ದಂತೆ.

ರಾಮಮೂರ್ತಿ ನಗರದ ಹುಡಿ ಎಲ್ಲಿ ಹೋಯಿತು? ಪೊರಕೆಯಿಂದ ಗುಡಿಸಿ ಚರಂಡಿಗೆ, ಇಲ್ಲವೇ ರಸ್ತೆಯ ಗುಂಡಿಗೆ. ಯಾವ ಆಳದಲ್ಲಿ ಬಂಡೆಯ ಬಣ್ಣ ಬದಲಾಯಿತು, ಎಲ್ಲಿ ಗ್ಯಾಪು ಸಿಕ್ಕಿತು, ಎಷ್ಟು ನೀರು ಬಂತು, ಯಾವ ಬೇಸಿಗೆಯಲ್ಲಿ ನಿಂತಿತು ಎಂಬುದು ಮನೆಯ ಹಿರಿಯರ ನೆನಪಿನಲ್ಲಿದ್ದರೆ ಪುಣ್ಯ. ಪಕ್ಕದ ನಿವೇಶನದವರು ಮತ್ತೆ ತೆಂಗಿನಕಾಯಿ ಹಿಡಿದು ಮೊದಲಿನಿಂದ ಶುರು ಮಾಡುತ್ತಾರೆ. ಲಕ್ಷಗಟ್ಟಲೆ ಕಿಲೋಮೀಟರ್ ದೂರದ ಚಂದ್ರನಲ್ಲಿ ಹತ್ತು ಸೆಂಟಿಮೀಟರ್ ಕೆಳಗೆ ಏನಿದೆ ಎಂಬುದರ ನಕ್ಷೆ ಕಾಗದದ ಮೇಲಿದೆ. ಗೇಟಿನಾಚೆ ನೂರಡಿ ಕೆಳಗೆ ಏನಿದೆಯೆಂಬುದು ಅಲ್ಲಿ ಕೊರೆಸಿದವರಿಗೂ ಮರೆತಿದೆ.

ಇದು ಬರಿಯ ಕುತೂಹಲದ ಮಾತಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಪೂರ್ವದ ಬಡಾವಣೆಗಳಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ಜನ ಕೆಲಸ ಬಿಟ್ಟು ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಗರದಂಚಿನ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತ ಚಾಲನೆಗೊಂಡಿತು. ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ನೀರು ದೊಡ್ಡ ಆಸರೆಯೇ ಹೌದು. ಆದರೆ ಬೋರು ಕೊರೆಯುವುದು ಅದರಿಂದ ನಿಲ್ಲುವಂತಿಲ್ಲ. ಹೊಸ ಕೊಳವೆಬಾವಿಗೆ ಅನುಮತಿ ಬೇಕು, ಇರುವುದನ್ನು ನೋಂದಾಯಿಸಬೇಕು ಎಂದು 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಹೇಳುತ್ತದೆ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹಕ್ಕೂ ಕಾನೂನಿದೆ. ಕಾನೂನು ಕೇಳುವ ಲೆಕ್ಕವನ್ನು ಹೊರೆಯೆಂದು ತಿಳಿಯದೆ, ಬಡಾವಣೆಯವರೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಅದು ಊರಿನ ಆಸ್ತಿ. ಇಪ್ಪತ್ತಡಿಗೊಂದು ರಾಡು ಇಳಿದಾಗ ಒಂದು ಚಿಟಿಕೆ ಹುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಆಳ ಬರೆದಿಡುವುದಕ್ಕೆ ರಾಕೆಟ್ ವಿಜ್ಞಾನವೇನೂ ಬೇಡ. ಐವತ್ತು ಚೀಲವಾದರೆ ಸಾವಿರ ಅಡಿಯ ಚರಿತ್ರೆ.

ಪ್ರವಾಸಿಗಳು ರಾಮಮೂರ್ತಿ ನಗರಕ್ಕೆ ಬಂದರೆ ಉತ್ತರಕ್ಕೆ ಇನ್ನಷ್ಟು ದೂರ ಹೋಗಿ ಕಲ್ಕೆರೆಯ ಏರಿಯ ಮೇಲೆ ನಿಲ್ಲಬೇಕು. ಹೆಸರಿನಲ್ಲೇ ಕಲ್ಲೂ ಇದೆ, ಕೆರೆಯೂ ಇದೆ. ಬಂಡೆಯ ಬಿರುಕಿಗೆ ನೀರು ಇಳಿಯುವುದು ಮೇಲಿನಿಂದಲೇ ಎಂಬುದನ್ನು ಕೆರೆ ಕಟ್ಟಿದ ಹಿಂದಿನವರು ಬಲ್ಲವರಾಗಿದ್ದರು. ಭಾರತ–ಜಪಾನ್ ಜಂಟಿ ಯೋಜನೆಯ ಗಾಡಿ ಮುಂದೆ ಚಂದ್ರನ ಧ್ರುವದ ಬಳಿ ಒಂದೂವರೆ ಮೀಟರ್‌ವರೆಗೆ ಕೊರೆದು ಹುಡುಕಲಿರುವುದೂ ನೀರನ್ನೇ. ಅದನ್ನು ಇಳಿಸುವ ನೌಕೆ ಇಸ್ರೊದ್ದು. ಆ ಗಾಡಿಯ ಬೈರಿಗೆ ಪ್ರತಿ ಸೆಂಟಿಮೀಟರಿನ ಲೆಕ್ಕ ಕೊಡುತ್ತದೆ. ಇಲ್ಲಿನ ಬೋರು ಪ್ರತಿ ಇಪ್ಪತ್ತಡಿಯ ಲೆಕ್ಕ ಕೊಟ್ಟರೂ ಸಾಕು, ಮುಂದಿನ ಮನೆಯವರು ಕುರುಡಾಗಿ ಕೊರೆಸುವುದು ತಪ್ಪುತ್ತದೆ.